ಬಾರದ ದೋಣಿ

2025ರ ಫೆಬ್ರವರಿ 14, ಶುಕ್ರವಾರ, ಮಧ್ಯಾಹ್ನ 3.20. ಬೊಬ್ರುವಾಡದ ವೈಜಯಂತಿ ಅಂಕೋಲಾ ಠಾಣೆಗೆ ಬಂದಾಗ ಅವಳ ತಾಯಿ ಗಂಗೆಯ ಹೆಣ ತಾಲೂಕು ಆಸ್ಪತ್ರೆಯಲ್ಲಿತ್ತು. ಗಂಗಾವಳಿ ನದಿಯ ಅಳಿವೆಯ ಮರಳುದಿಬ್ಬಕ್ಕೆ ಬಳಚು ಚಿಪ್ಪುಮೀನು ಹೆಕ್ಕಲು ಹೋದ ಗಂಗೆ ಉಬ್ಬರಕ್ಕೆ ಸಿಕ್ಕಿ ಮುಳುಗಿದಳೆಂದು ದೋಣಿಯ ಭಾಸ್ಕರನೇ ಬಂದು ತಿಳಿಸಿದ್ದ. ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲಾಗಿತ್ತು.

"ಅದು ಆಕಸ್ಮಿಕ ಅಲ್ಲ ಮೇಡಂ," ಎಂದಳು ವೈಜಯಂತಿ. "ದೋಣಿಯಲ್ಲಿ ದಿಬ್ಬಕ್ಕೆ ಬಿಟ್ಟವರು ಅವರು. ತಿರುಗಿ ಕರಕೊಂಡು ಬರಬೇಕಾದವರೂ ಅವರೇ."

"ಭಾಸ್ಕರ ನಿಮಗೆ ಏನಾಗಬೇಕು?" ಇನ್ಸ್‌ಪೆಕ್ಟರ್ ರಕ್ಷಿತಾ ಕೇಳಿದರು.

"ಮಾವ. ಅವರ ಮಗ, ನನ್ನ ಗಂಡ ರೋಹಿತ ತೀರಿಹೋಗಿ ಮೂರು ವರ್ಷ ಆಯ್ತು." ವೈಜಯಂತಿ ಮುಂದುವರಿಸಿದಳು: "ಬರುವ ಸೋಮವಾರ ತೋಡೂರಿನವರ ಜೊತೆ ನನ್ನ ಮದುವೆ. ಮಗಳು ಚಂದನಾನ ಕರಕೊಂಡು ಹೋಗ್ತೆ. ಹುಡುಗಿಯನ್ನ ಬಿಟ್ಟು ಹೋಗಲಿಕ್ಕೆ ಹೇಳು ಅಂತ ಮಾವ ದಿನಾ ಆಯಿಯ ಬೆನ್ನು ಹತ್ತಿದ್ರು."

5.10ಕ್ಕೆ ಭಾಸ್ಕರನನ್ನು ಕರೆಸಿದರು. ಅರವತ್ತು ದಾಟಿದ ಗಟ್ಟಿ ಆಳು. ಬೆಂಚಿದ್ದರೂ ನಿಂತೇ ಇದ್ದ.

"ಎಷ್ಟು ಗಂಟೆಗೆ ಬಿಟ್ಟಿರಿ?"

"ಬೆಳಿಗ್ಗೆ ಆರಕ್ಕೆ. ಇವತ್ತು ಅವಳು ಒಬ್ಬಳೇ."

"ತಿರುಗಿ ಯಾಕೆ ಹೋಗಲಿಲ್ಲ?"

"ಚೀಲ ತುಂಬಿದ ಮೇಲೆ ಕೋಲಿಗೆ ಬಟ್ಟೆ ಕಟ್ಟಿ ನಿಲ್ಲಿಸ್ತಾರೆ. ಅದನ್ನ ನೋಡಿ ದೋಣಿ ಬಿಡೂದು. ಬಟ್ಟೆ ಕಾಣ್ಲಿಲ್ಲ. ಕಾಯ್ತಾ ಕಾಯ್ತಾ ನಿದ್ದೆ ಹತ್ತಿತು."

"ಹುಣ್ಣಿಮೆ ಕಳೆದು ಎರಡೇ ದಿನ. ನೀರು ಎಷ್ಟು ಏರುತ್ತದೆಂದು ಗೊತ್ತಿರಲಿಲ್ಲವಾ?"

"ನಾನೇನೂ ಮಾಡ್ಲಿಲ್ಲ ಮೇಡಂ."

ಅವನು ಹೋದ ಮೇಲೆ ಹೆಡ್ ಕಾನ್‌ಸ್ಟೇಬಲ್ ದತ್ತಾ ಪೆನ್ನು ಕೆಳಗಿಟ್ಟ. "ಅವ ಹೇಳೂದು ಖರೆ ಅಲ್ವಾ ಮೇಡಂ? ದೂಡಲಿಲ್ಲ, ಹೊಡೀಲಿಲ್ಲ. ಎಫ್‌ಐಆರ್‌ನಲ್ಲಿ ಎಂತ ಕೃತ್ಯ ಅಂತ ಬರೀಲಿ? ಸುಮ್ನೆ ಕುಳಿತಿದ್ದ ಅಂತಲಾ? ಅದು ಅಪರಾಧ ಆದ್ರೆ ನಮ್ಮ ಠಾಣೆಯಲ್ಲೇ ಅರ್ಧ ಮಂದಿ ಒಳಗೆ."

ರಕ್ಷಿತಾ ನಗಲಿಲ್ಲ. "ದಾರಿಹೋಕ ಕುಳಿತಿದ್ದರೆ ಅಪರಾಧ ಅಲ್ಲ. ನೀರಿನ ನಡುವೆ ಬಿಟ್ಟು ಬಂದವನು ನೋಡುತ್ತ ಕುಳಿತರೆ, ಕುಳಿತದ್ದೇ ಕೃತ್ಯ. ಮಾಡಲೇಬೇಕಾದ್ದನ್ನು ಬಿಡುವುದೂ ಕಾನೂನಿನಲ್ಲಿ ಮಾಡಿದ ಹಾಗೆಯೇ. ಆದರೆ ಅವನು ಎಚ್ಚರ ಇದ್ದ, ನೋಡಿದ ಅಂತ ನಮಗೆ ಸಿಗಬೇಕು."

ಸ್ಥಳ ಪಂಚನಾಮೆಗೆ ನೀರಿನ ಇಳಿತಕ್ಕೆ ಕಾಯಬೇಕಾಯಿತು. 15ರ ಬೆಳಿಗ್ಗೆ 6.50ಕ್ಕೆ ದಿಬ್ಬ ನೀರಿನ ಮೇಲೆ ಬೆನ್ನು ತೋರಿಸಿದಾಗ ಬೇರೊಬ್ಬರ ದೋಣಿಯಲ್ಲಿ ಇಬ್ಬರು ಪಂಚರೊಂದಿಗೆ ಹೋದರು. ದಿಬ್ಬದ ಎತ್ತರದ ತುದಿಯಲ್ಲಿ ಗಾಳಿಮರದ ಕೋಲೊಂದು ಮೊಳದಷ್ಟು ಆಳಕ್ಕೆ ಹುಗಿದು ನಿಂತಿತ್ತು. ತುದಿಗೆ ಹಸಿರು ಸೀರೆಯ ಸೆರಗಿನ ಹರಕು, ಮೂರು ಗಂಟು. ಆಸ್ಪತ್ರೆಯಲ್ಲಿ ಹೆಣದ ಮೇಲಿದ್ದ ಸೀರೆಯ ಸೆರಗಿನಲ್ಲಿ ಅಷ್ಟೇ ಅಗಲದ ತುಂಡು ಹರಿದುಹೋಗಿತ್ತು. ದತ್ತಾ ಅಳೆದು ಬರೆದ. ಮತ್ತೆ ತಮಾಷೆ ಮಾಡಲಿಲ್ಲ.

ದಂಡೆಯಲ್ಲಿ ಮೀನು ಒಣಗಿಸುವ ತಿಮ್ಮಿ ಮೊದಲು ಏನೂ ಕಂಡಿಲ್ಲ ಎಂದಳು. ಕೋಲು ಸಿಕ್ಕಿದೆ ಎಂದ ಮೇಲೆ ಅಲ್ಲೇ ಕುಕ್ಕರಿಸಿದಳು.

"ಬಟ್ಟೆ ಎಂಟೂವರೆಗೇ ಹಾರ್ತಿತ್ತು. ಅವ ದೋಣಿಯಲ್ಲೇ ಕೂತಿದ್ದ, ಅದೇ ಬದಿಗೆ ಮುಖ ಮಾಡಿ."

"ನಿದ್ದೆ ಮಾಡಿದ್ದನಾ?"

"ಬೀಡಿ ಸೇದ್ತಿದ್ದ. 'ಭಾಸ್ಕರಣ್ಣ, ಹೋಗು ಮಾರಾಯಾ' ಅಂತ ಎರಡು ಸಲ ಕೂಗಿ ಹೇಳ್ದೆ. 'ಹೋಗ್ತೆ' ಅಂದ. ಹೋಗ್ತಾನೆ ಅಂದ್ಕೊಂಡು ನಾ ಮನೆಗೆ ಹೋದೆ." ಅವಳು ರಕ್ಷಿತಾರ ಮುಖ ನೋಡಿದಳು. "ನಾನೂ ಏನೂ ಮಾಡ್ಲಿಲ್ಲ ಅಲ್ವಾ? ನನ್ನ ಮೇಲೂ ಕೇಸ್ ಆಗ್ತದಾ ಅಮ್ಮಾ?"

"ಇಲ್ಲ ತಿಮ್ಮಮ್ಮ. ನೀವು ಅವಳನ್ನು ಅಲ್ಲಿಗೆ ಒಯ್ದು ಬಿಟ್ಟವರಲ್ಲ."

ತಿಮ್ಮಿಗೆ ಅದರಿಂದ ಸಮಾಧಾನ ಆದಂತೆ ಕಾಣಲಿಲ್ಲ.

11.40ಕ್ಕೆ ಭಾಸ್ಕರನನ್ನು ಅವನ ಮನೆಯಲ್ಲಿ ಹಿಡಿದರು. ರಕ್ಷಿತಾ ಹರಕು ಬಟ್ಟೆಯನ್ನು ತೋರಿಸಿದರು. ಯಾರೂ ಕೇಳದಿದ್ದರೂ ಅವನೇ ಹೇಳಿದ.

"ಕೊಲ್ಲಬೇಕು ಅಂತ ಇರಲಿಲ್ಲ. ಬೆಳಿಗ್ಗೆ ದೋಣಿಯಲ್ಲಿ ಅವಳ ಕಾಲು ಹಿಡಿದೆ. ಗಂಗಕ್ಕ, ಹುಡುಗಿ ಒಂದನ್ನ ನನ್ನ ಹತ್ರ ಬಿಡಲಿಕ್ಕೆ ಹೇಳು, ನಿನ್ನ ಮಾತು ವೈಜಯಂತಿ ಕೇಳ್ತಾಳೆ ಅಂದೆ. 'ಹುಡುಗಿ ತಾಯಿ ಜೊತೆ ಇರಬೇಕು' ಅಂದಳು. ಬಟ್ಟೆ ಕಂಡಾಗ ಎಣಿಸಿದೆ, ನೀರು ಮೊಣಕಾಲಿಗೆ ಬರಲಿ, ಹೆದರಿ ಒಪ್ತಾಳೆ, ಆಗ ಹೋಗುವಾ ಅಂತ."

"ಮೊಣಕಾಲಿಗೆ ಬಂತಲ್ಲ?"

"ಬಂತು. ಸೊಂಟಕ್ಕೂ ಬಂತು. ಹುಟ್ಟು ಕೈಯಲ್ಲೇ ಇತ್ತು." ಅವನು ಅಂಗೈ ನೋಡಿಕೊಂಡ. "ಆಗ ತಲೆಗೆ ಬಂತು, ಈಗ ಕರಕೊಂಡು ಬಂದ್ರೆ ಇವಳು ವೈಜಯಂತಿಗೆ ಎಲ್ಲ ಹೇಳ್ತಾಳೆ. ಮತ್ತೆ ಚಂದನಾನ ಮುಖವನ್ನೂ ನನಗೆ ತೋರಿಸೂದಿಲ್ಲ."

12.25ಕ್ಕೆ ದತ್ತಾ ಬಂಧನದ ಪತ್ರ ತುಂಬಲು ಕುಳಿತ. ಹೆಸರು, ತಂದೆಯ ಹೆಸರು, ಕಸುಬು. ಬಂಧನದ ಸುದ್ದಿ ತಿಳಿಸಬೇಕಾದ ಸಂಬಂಧಿಕರು ಎಂಬ ಸಾಲಿಗೆ ಬಂದು ತಲೆ ಎತ್ತಿದ.

"ಯಾರಿಗೆ ತಿಳಿಸೂದು?"

"ಚಂದನಾ. ಮೊಮ್ಮಗಳು."

"ಪ್ರಾಯ?"

"ಏಪ್ರಿಲ್ ಬಂದ್ರೆ ಐದು."

"ಅಷ್ಟು ಸಣ್ಣವರ ಹೆಸರು ನಡೆಯೂದಿಲ್ಲ ಅಜ್ಜಾ. ದೊಡ್ಡವರು ಬೇಕು."

ಭಾಸ್ಕರ ಪತ್ರದ ಖಾಲಿ ಸಾಲನ್ನು ನೋಡಿದ.

"ಹಾಗಾದ್ರೆ ಯಾರೂ ಇಲ್ಲ."