ಬಿಸಿಲು ತಂದ ಚಿತ್ರಗಾರ

ಬಹಳ ಬಹಳ ಹಿಂದೆ, ಉತ್ತರದ ಕೊನೆಯಲ್ಲಿ ಡೇನರ ರಾಜ್ಯ ಅಂತ ಒಂದಿತ್ತು. ಅಲ್ಲಿ ಬಿಸಿಲು ಮೊದಲೇ ಕಡಿಮೆ. ಇದ್ದ ಸೂರ್ಯನನ್ನೂ ಒಬ್ಬ ಹಿಮಮಾಂತ್ರಿಕ ನುಂಗಿ, ಅರಮನೆಯ ಗೋಪುರದ ಮೇಲೆ ಕಾಲು ಚಾಚಿ ಕೂತುಬಿಟ್ಟ. ರಾಜ ಏನು ಮಾಡಿದ ಅಂತೀರಾ? ಇನ್ನೊಂದು ಕಂಬಳಿ ಹೊದ್ದುಕೊಂಡ.

ಚಳಿಗೆ ಊರಿನ ಮಕ್ಕಳೆಲ್ಲ ಹಾಸಿಗೆ ಹಿಡಿದರು. ಚಿತ್ರಗಾರ ಯೋರ್ಗನ್ನನ ಒಬ್ಬಳೇ ಮಗಳು ಮಾರೆನ್ ಕಣ್ಣು ಬಿಡುವುದನ್ನೇ ನಿಲ್ಲಿಸಿದಳು.

"ದಕ್ಷಿಣದ ಮೆಡಿಟರೇನಿಯನ್ ಕಡಲ ದಂಡೆಯಲ್ಲಿ ಬೇಕಾದಷ್ಟು ಬಿಸಿಲಿದೆಯಂತೆ. ಚಿತ್ರದಲ್ಲಿ ಹಿಡಿದು ತರ್ತೀನಿ," ಅಂದ ಯೋರ್ಗನ್.

"ಬೇಗ ಬನ್ನಿ. ಮಗು ತಡೆಯಲ್ಲ," ಅಂದಳು ಹೆಂಡತಿ ಬಿರ್ಗಿಟ್.

ಕಾಡು ದಾಟಿದ, ಹಿಮದ ಬೆಟ್ಟ ದಾಟಿದ, ಕಡಲ ದಂಡೆ ಸೇರಿದ. ಅಲ್ಲಿ ಕಡಲಜ್ಜಿ ಬಲೆ ಒಣಗಿಸುತ್ತಿದ್ದಳು. ಆ ದಂಡೆಯ ಮಾಯೆಯೆಲ್ಲ ಅವಳದೇ.

"ಅಜ್ಜಿ, ನಿಮ್ಮ ಬಿಸಿಲು ಬೇಕು. ಮಗಳು ಸಾಯ್ತಿದಾಳೆ."

"ತಗೊಂಡು ಹೋಗಪ್ಪ. ಬರೀತಾ ಬಂದ ಹಾಗೆ ಕಾವು ಚಿತ್ರಕ್ಕಿಳಿಯುತ್ತೆ. ಆದ್ರೆ ಏನೇನು ಬರೀತೀಯೋ ಅದೆಲ್ಲ ನಿನ್ನ ನೆನಪಿನಿಂದ ಅಳಿಸಿಹೋಗುತ್ತೆ. ಮತ್ತೆ ಬರಲ್ಲ. ಒಪ್ಪಿಗೇನಾ?"

"ಒಪ್ಪಿಗೆ."

ಮೊದಲು ನೀಲಿ ಕಡಲು ಬರೆದ. ಅಜ್ಜಿ ಕಡಲು ತೋರಿಸಿ, "ಇದೇನಪ್ಪ?" ಅಂದಳು.

"ಗೊತ್ತಿಲ್ಲ ಅಜ್ಜಿ."

ಆಮೇಲೆ ಬಿಳಿ ಬಂಡೆಗಳನ್ನು ಬರೆದ. "ಇದೇನಪ್ಪ?"

"ಗೊತ್ತಿಲ್ಲ ಅಜ್ಜಿ."

ಕೊನೆಗೆ ಬಂಡೆಯ ಮೇಲೆ ಮಲಗಿದ್ದ ಬಿಸಿಲು ಬರೆದ. "ನಿನ್ನ ಬೆನ್ನ ಮೇಲೆ ಬಿದ್ದಿರೋದೇನು?"

"ಗೊತ್ತಿಲ್ಲ ಅಜ್ಜಿ. ಹಿತವಾಗಿದೆ."

ಚಿತ್ರ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ ಬೆಚ್ಚಗಾಯಿತು. ಅಲ್ಲಿಗೇ ಎದ್ದುಬಿಡಬಾರದಿತ್ತೇ ಆ ಪುಣ್ಯಾತ್ಮ! ಆದರೆ ಡೇನರ ಚಿತ್ರಗಾರರಿಗೆ ಒಂದು ರೂಢಿ. ಎಷ್ಟೇ ದೊಡ್ಡ ಕಡಲು ಬರೆದರೂ ಮೂಲೆಯಲ್ಲಿ ಬೆರಳುದ್ದದ ಒಂದು ಮನುಷ್ಯಾಕೃತಿ ನಿಲ್ಲಿಸದೆ ಚಿತ್ರ ಮುಗಿಯಿತು ಅನ್ನುವುದಿಲ್ಲ. ಮನುಷ್ಯನಿಲ್ಲದಿದ್ದರೆ ಕಡಲು ಎಷ್ಟು ದೊಡ್ಡದು ಅಂತ ತಿಳಿಯುವುದು ಹೇಗೆ? ಯೋರ್ಗನ್ನನ ಕೈ ತಾನಾಗಿ ಕೆಂಪು ಬಣ್ಣಕ್ಕೆ ಹೋಯಿತು. ಆ ಕೈ ಬೇರೆ ಯಾರನ್ನು ಬರೆದೀತು? ಕೆಂಪು ಲಂಗದ ಒಬ್ಬ ಹುಡುಗಿ ದಂಡೆಯ ಮೇಲೆ ನಿಂತಳು.

"ಅಯ್ಯೋ ತಮ್ಮಾ, ಏನು ಮಾಡ್ಕೊಂಡೆ!" ಅಜ್ಜಿ ಎದೆ ಬಡಿದುಕೊಂಡಳು. "ಇವಳು ಯಾರು ಹೇಳು?"

"ಯಾರೋ ಹುಡುಗಿ, ಅಜ್ಜಿ," ಅಂದ ಅವನು, ಕುಂಚ ತೊಳೆಯುತ್ತ.

ಚಿತ್ರವನ್ನು ಮನೆಗೆ ಒಯ್ಯಬೇಕು ಅನ್ನುವುದೊಂದು ನೆನಪಿತ್ತು. ಒಯ್ದು ಗೋಡೆಗೆ ತೂಗುಹಾಕಿದ. ಚಿತ್ರದಿಂದ ಬಿಸಿಲು ಕಿಟಕಿ ದಾಟಿ, ಬೀದಿ ದಾಟಿ, ಗೋಪುರಕ್ಕೆ ಹೊಡೆಯಿತು. ಹಿಮಮಾಂತ್ರಿಕ ಕರಗಿ ಚರಂಡಿಯಲ್ಲಿ ಹರಿದುಹೋದ. ಅವನ ಹೊಟ್ಟೆಯಲ್ಲಿದ್ದ ಸೂರ್ಯ ಮೇಲೆದ್ದ. ಮನೆಮನೆಯಲ್ಲೂ ಮಕ್ಕಳು ಎದ್ದು ಕೂತರು.

ಮಾರೆನ್ ಹಾಸಿಗೆಯಿಂದ ಹಾರಿ ಓಡಿಬಂದಳು. "ಅಪ್ಪಾ!"

ಯೋರ್ಗನ್ ಪ್ರೀತಿಯಿಂದಲೇ ಅವಳ ತಲೆ ಸವರಿ ಹೆಂಡತಿಯ ಕಡೆ ತಿರುಗಿದ. "ಯಾರ ಮನೆ ಮಗು ಇದು? ನಮಗೂ ಇಂಥ ಒಬ್ಬಳು ಮಗಳಿದ್ದಿದ್ರೆ ಎಷ್ಟು ಚೆನ್ನಾಗಿತ್ತು, ಅಲ್ವಾ?"

ಬಿರ್ಗಿಟ್ ಬಾಯಿಗೆ ಕೈ ಒತ್ತಿಕೊಂಡು ಬಿಕ್ಕಿದಳು. ಮಗುವಿಗೂ ಅಳು ಬಂತು, ಅತ್ತಳು. ಆಮೇಲೆ ಮುಖ ಒರೆಸಿಕೊಂಡು, "ನನ್ನ ಹೆಸರು ಮಾರೆನ್," ಅಂದಳು.

ಆ ರಾಜ್ಯದಲ್ಲಿ ಎಲ್ಲರೂ ಸುಖವಾಗಿ ಬಾಳಿದರು. ಆ ಒಂದು ಮನೆಯಲ್ಲಿ ಮಾತ್ರ ಒಬ್ಬ ಹುಡುಗಿ ತನ್ನ ಅಪ್ಪನಿಗೆ ಮೊದಲಿನಿಂದ ಮಗಳಾಗತೊಡಗಿದಳು.