ದಿಬ್ಬದ ಆಚೆಗಿನ ಬನ್ನಿ ಮರ

"ಮುಖ ಮುಚ್ಚಿಕೊಂಡ್ರೆ ಆಯ್ತಾ ಧಾಪು? ಕಾಲನ್ನ ಎಲ್ಲಿ ಬಚ್ಚಿಡ್ತೀಯಾ?"

ಒಂಟೆಯ ಹೊಟ್ಟೆಪಟ್ಟಿ ಬಿಗಿಯುತ್ತಿದ್ದವನು ತಲೆ ಎತ್ತದೆಯೇ ಹೇಳಿದ. ಅವನ ಕಣ್ಣು ಮರಳಿನ ಮೇಲಿತ್ತು. ಅಲ್ಲಿ ಅವಳ ಬರಿಗಾಲಿನ ಗುರುತು... ಎಡಗಾಲಿನ ಕಿರುಬೆರಳು ಸ್ವಲ್ಪ ಹೊರಗೆ ಸರಿದದ್ದು.

ಧಾಪು ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡಳು.

ಲೂಣಾ!

ಹುಟ್ಟಿದ ಊರಿನಲ್ಲಿ ಹೆಣ್ಣುಮಕ್ಕಳು ಮುಸುಕು ಹಾಕುವುದಿಲ್ಲ. ಆದರೂ ದೂರದಿಂದ ಅವನನ್ನು ಕಂಡ ಕೂಡಲೇ ಅವಳು ತಲೆ ಮೇಲಿನ ಓಢಣಿಯನ್ನು ಗಲ್ಲದವರೆಗೆ ಎಳೆದುಕೊಂಡಿದ್ದಳು. ಹೆಜ್ಜೆ ನೋಡಿಯೇ ಕಳ್ಳರನ್ನು ಹಿಡಿಯುತ್ತಿದ್ದವನ ಮಗ ಅವನು. ಇವನ ಮುಂದೆ ಮುಸುಕು ಹಾಕಿ ಏನು ಪ್ರಯೋಜನ!

"ಖೇತಾ ಚಿಕ್ಕಪ್ಪ ಎಲ್ಲಿ? ಇವತ್ತು ಒಂಟೆ ಹೊಡೆಯಬೇಕಾದವನು ಅವನು."

"ಅವನಿಗೆ ಜ್ವರ."

"ಬೆಳಿಗ್ಗೆ ಐದು ರೊಟ್ಟಿ ಮುರಿದವನಿಗೆ ಯಾವ ಜ್ವರ?"

ಲೂಣಾ ಈಗ ತಲೆ ಎತ್ತಿದ. ತಲೆಗೆ ಬಿಳಿ ರುಮಾಲು ಸುತ್ತಿದ್ದ. ಅಪ್ಪ ಸತ್ತವರು ಸುತ್ತುವ ಬಿಳಿ. "ನಾನೇ ಕಾಡಿ ಬೇಡಿ ಬದಲಾಯಿಸ್ಕೊಂಡೆ. ನಿನ್ನ ಹತ್ತಿರ ಒಂದು ಮಾತು ಕೇಳಬೇಕಿತ್ತು."

'ನೀನು ನನ್ನನ್ನು ಕೇಳೋದಾ? ಕೇಳಬೇಕಾದವಳು ನಾನು...' ಮೂರು ವರ್ಷದ ಹಿಂದೆ, ನಿಶ್ಚಿತಾರ್ಥದ ಬೆಳಿಗ್ಗೆ, 'ಈ ಸಂಬಂಧ ನನಗೆ ಬೇಡ' ಎಂದು ಹೇಳಿ ಕಳಿಸಿ, ಕಛ್‌ನ ಉಪ್ಪಿನ ಬಯಲಿಗೆ ಓಡಿಹೋದವನು. ಅವತ್ತಿನಿಂದ ಅವಳು ಊರಿನ ಬಾಯಲ್ಲಿ 'ಬೇಡವಾದವಳು'.

ನಾಳೆ ಸಂಜೆ ಒಬ್ಬ ವಿಧುರನ ಕಡೆಯವರು ಅವಳಿಗೆ ಸೀರೆ ಹೊದಿಸಲು ಬರುತ್ತಾರೆ. ಹೊದಿಸಿದರೆ ಮುಗಿಯಿತು, ಮದುವೆ ಗಟ್ಟಿ. ಅವಳೂ ಹೂಂ ಅಂದಿದ್ದಾಳೆ. ಇನ್ನೆಷ್ಟು ದಿನ ಅಪ್ಪನ ತಲೆ ತಗ್ಗಿಸುವುದು?

"ಧಾಪು ಬೆಹೆನ್, ಈ ಒಂಟೆ ನನ್ನನ್ನ ಬೀಳಿಸಲ್ಲ ತಾನೆ?" ಪುಣೆಯಿಂದ ಪ್ರವಾಸ ಬಂದಿದ್ದ ಮೂವರು ಶಿಕ್ಷಕಿಯರಲ್ಲಿ ದಪ್ಪನೆಯವರು ಕೂಗಿದರು. ರಾತ್ರಿ ಮರಳಿನಲ್ಲಿ ಮಲಗಲು ಹೆಂಗಸೊಬ್ಬಳು ಜೊತೆಗೆ ಬೇಕೆಂದು ಅವರು ಹಟ ಹಿಡಿದದ್ದಕ್ಕೇ ಧಾಪು ಅಡುಗೆಗೆ ಹೊರಟಿದ್ದು.

"ಅದು ಬೀಳಿಸಲ್ಲ ಅಕ್ಕಾ. ಬೀಳಿಸೋರು ಮನುಷ್ಯರೇ," ಅಂದಳು ಧಾಪು.

ಲೂಣಾ ಮೂಗುದಾರ ಹಿಡಿದು ಮುಂದೆ ನಡೆದ.

ಸುತ್ತು ಬಳಸಿ ಮೂರು ತಾಸು ಒಂಟೆ ನಡೆದರೂ ಬಿಡಾರದ ದಿಬ್ಬ ಊರ ಹಿಂದೆಯೇ ಇತ್ತು. ಪ್ರವಾಸಿಗರಿಗೆ ಗೊತ್ತಾಗಬಾರದು, ಅಷ್ಟೇ!

ಸೂರ್ಯ ಮುಳುಗುತ್ತಿದ್ದಂತೆ ಶಿಕ್ಷಕಿಯರು ಫೋಟೊ ತೆಗೆಯಲು ದಿಬ್ಬ ಹತ್ತಿದರು. ಧಾಪು ಒಲೆ ಹೂಡಿ ಸಜ್ಜೆ ಹಿಟ್ಟು ನಾದಲು ಕೂತಳು. ಲೂಣಾ ಒಂಟೆಗಳ ಮುಂಗಾಲಿಗೆ ಹಗ್ಗ ಬಿಗಿದು ಬಂದು, ಒಲೆಯ ಆಚೆ ಕೂತ.

"ಅಪ್ಪ ಸಾಯೋ ಮುಂಚೆ ಕೇಳಿದ. ಆ ಹುಡುಗೀನ ಯಾಕೋ ಬಿಟ್ಟೆ ಅಂತ. ಅವನೊಬ್ಬನಿಗೇ ಹೇಳಿದೆ."

"ಏನಂತ?"

"ನಿಶ್ಚಿತಾರ್ಥದ ದಿನ ಬೆಳಕು ಹರಿಯೋ ಹೊತ್ತಿಗೆ ನಿಮ್ಮ ಹಟ್ಟಿ ಹಿಂದೆ ಬಂದಿದ್ದೆ. ಸುಮ್ನೆ... ನಿನ್ನ ನೋಡೋಣ ಅಂತ." ಅವನ ದನಿ ಕುಗ್ಗಿತು. "ನಿನ್ನ ಹೆಜ್ಜೆ ಇತ್ತು. ಪಕ್ಕದಲ್ಲಿ ಬೂಟಿನ ಹೆಜ್ಜೆ. ಒಬ್ಬ ಗಂಡಸಿನದು. ಎರಡೂ ಜೊತೆಜೊತೆಗೆ ದಿಬ್ಬದ ಕಡೆ ಹೋಗಿದ್ದವು. ಒಂದು ಕಡೆ ಇಬ್ಬರೂ ಕೂತಿದ್ದ ಗುರುತು..."

ಹಿಟ್ಟಿನಲ್ಲಿದ್ದ ಅವಳ ಕೈ ಹಾಗೇ ನಿಂತಿತು.

"ನಿನ್ನ ಹೆಸರು ಕೆಡಬಾರದು ಅಂತ ತಪ್ಪು ನನ್ನ ತಲೆ ಮೇಲೆ ಹಾಕ್ಕೊಂಡು ಹೋದೆ ಧಾಪು. ಈಗ ಕೇಳ್ತಿದ್ದೀನಿ, ಅವನು ಯಾರು?"

"ದೊಡ್ಡ ಉಪಕಾರ ಮಾಡಿದೆ!" ಅವಳ ಕಣ್ಣು ಕೆಂಡವಾಯಿತು. "ಮೂರು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡು ತಿರುಗಿದೆಯಾ? ದಿಬ್ಬದ ಆಚೆ ಏನಿತ್ತು, ನೋಡಿದೆಯಾ?"

"ಇಲ್ಲ..."

"ಯಾಕೆ?"

"ಧೈರ್ಯ ಬರಲಿಲ್ಲ. ಅಪ್ಪನೂ ಅದನ್ನೇ ಕೇಳಿದ. 'ಅರ್ಧ ದಾರೀಲಿ ನಿಂತವನು ಹೆಜ್ಜೆ ನೋಡೋನೇ ಅಲ್ಲ' ಅಂದ. ಆಮೇಲೆ ನನ್ನ ಜೊತೆ ಮಾತಾಡಲೇ ಇಲ್ಲ ಧಾಪು. ಹಾಗೇ ಹೋಗಿಬಿಟ್ಟ."

ದಿಬ್ಬದ ಮೇಲಿಂದ ಶಿಕ್ಷಕಿಯರ ನಗು ಕೇಳಿಸಿತು. ಧಾಪು ಕಣ್ಣೊರೆಸಿಕೊಂಡು ರೊಟ್ಟಿ ತಟ್ಟತೊಡಗಿದಳು.

"ಬೆಳಿಗ್ಗೆ ಬಾ. ತೋರಿಸ್ತೀನಿ."

ರಜಾಯಿಯೊಳಗೆ ಅವಳಿಗೆ ನಿದ್ದೆ ಎಲ್ಲಿಂದ ಬರಬೇಕು? 'ಯಾರಿಗೂ ಹೇಳಲ್ಲ ಅಂತ ಅತ್ತಿಗೆಗೆ ಆಣೆ ಕೊಟ್ಟಿದ್ದೆ. ಮುರಿಯಲಾ? ಮುರಿಯದಿದ್ದರೆ ನಾಳೆ ಸಂಜೆ...' ಸ್ವಲ್ಪ ಆಚೆ ಅವನು ಒಂಟೆಯ ಬೆನ್ನಿಗೊರಗಿ ಕೂತೇ ಇದ್ದ.

ಬೆಳಗಾಯಿತು. ಶಿಕ್ಷಕಿಯರು ಸೂರ್ಯೋದಯ ನೋಡುತ್ತ ಚಹಾ ಹೀರುತ್ತಿದ್ದಾಗ ಧಾಪು ಎದ್ದು ನಡೆದಳು. ಲೂಣಾ ನಾಲ್ಕು ಮಾರು ಹಿಂದೆ ನಡೆದ. ದಿಬ್ಬ ಇಳಿದರೆ ಒಂಟಿ ಬನ್ನಿ ಮರ. ಬುಡದಲ್ಲಿ ಮುಳ್ಳುಕೊಂಬೆ ಹೊದಿಸಿದ ಪುಟ್ಟ ಕಲ್ಲುಗುಡ್ಡೆ. ಮೊಣಕೈ ಉದ್ದವೂ ಇರಲಿಲ್ಲ.

ಲೂಣಾ ನಿಂತುಬಿಟ್ಟ. "ಇದು...?"

"ಅತ್ತಿಗೆಯ ಮಗು. ದಿನ ತುಂಬಿರಲಿಲ್ಲ, ಬಸುರಿ ಅಂತ ಅಪ್ಪ, ಅಣ್ಣನಿಗೆ ಇನ್ನೂ ಹೇಳೇ ಇರಲಿಲ್ಲ. ಉಸಿರೂ ಆಡಲಿಲ್ಲ." ಅವಳು ಕಲ್ಲಿನ ಮೇಲಿನ ಮರಳನ್ನು ಮೆಲ್ಲಗೆ ಸರಿಸಿದಳು. "ಹಿಂದಿನ ರಾತ್ರಿ. ನಿಶ್ಚಿತಾರ್ಥದ ಸಾಮಾನಿಗೆ ಪೇಟೆಗೆ ಹೋದ ಅಪ್ಪ, ಅಣ್ಣ ಇನ್ನೂ ಬಂದಿರಲಿಲ್ಲ. ಮನೇಲಿ ನಾವಿಬ್ಬರೇ. ಜೊತೆಗೆ ಶುಭಕಾರ್ಯಕ್ಕೆ ಅಂತ ಬಂದಿದ್ದ ಅತ್ತಿಗೆಯ ತಮ್ಮ. ಬೂಟು ಅವನದೇ."

"ಯಾಕೆ ಮುಚ್ಚಿಟ್ಟಿರಿ?"

"ಮನೇಲಿ ಸೂತಕ ಅಂತ ಗೊತ್ತಾದ್ರೆ ನಿಮ್ಮೋರು ಅಪಶಕುನ ಅಂತ ತಿರುಗಿ ಹೋಗ್ತಿದ್ರು. ಅತ್ತಿಗೆ ಹಲ್ಲು ಕಚ್ಚಿ ಮಲಗಿ, ನನ್ನ ಕೈ ಹಿಡ್ಕೊಂಡು ಬೇಡಿದಳು. 'ನಾಳೆ ಒಂದು ದಿನ ಮುಗಿಯಲಿ ಧಾಪು, ಆಮೇಲೆ ಅಳೋಣ' ಅಂತ."

ಅವಳು ಅವನತ್ತ ತಿರುಗಿದಳು.

"ನಿನ್ನ ಸಂಬಂಧ ಉಳಿಸ್ಕೊಳ್ಳೋಕೆ ಕತ್ತಲಲ್ಲಿ ಈ ಮಗೂನ ಎತ್ತಿಕೊಂಡು ಬಂದೆ ಕಣೋ! ಕೈಲಿ ಆಗದೆ ಅರ್ಧ ದಾರೀಲಿ ಕೂತು ಅತ್ತುಬಿಟ್ಟೆ, ಅವನೂ ಪಕ್ಕದಲ್ಲಿ ಕೂತ. ನೀನು ನೋಡಿದ್ದು ಆ ಗುರುತು!"

ಲೂಣಾ ಮಂಡಿಯೂರಿದ. ತಲೆ ಎದೆಗೆ ಬಿದ್ದಿತ್ತು. ಭುಜ ಅಲುಗುತ್ತಿತ್ತು.

ಕೈ ಚಾಚಿ ಕಲ್ಲೊಂದನ್ನು ಮುಟ್ಟಿ, "ಈ ಮಗೂಗೆ ನಾನು ಮಾವ ಆಗಬೇಕಿತ್ತಲ್ವಾ?" ಅಂದ.

ಆ ಮಾತಿಗೆ ಧಾಪು ಕರಗಿಹೋದಳು. ಇಷ್ಟು ದಿನ ಈ ಕೂಸಿಗೊಂದು ಸಂಬಂಧ ಕಟ್ಟಿ ಮಾತಾಡಿದವರು ಯಾರೂ ಇರಲಿಲ್ಲ.

"ಬಾಯಿ ಬಿಟ್ಟು ಒಂದು ಮಾತು ಕೇಳಬಾರದಿತ್ತಾ ಲೂಣಾ?"

"ಕೇಳಿದ್ರೆ ಹೇಳ್ತಿದ್ಯಾ?"

ಅವಳು ಯೋಚಿಸಿದಳು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಅವತ್ತು... ಇಲ್ಲ."

ಮರದ ಮೇಲೆ ಹಕ್ಕಿಯೊಂದು ಕೂಗಿ ಹಾರಿಹೋಯಿತು.

"ಇವತ್ತು ಸಂಜೆ ಅವರು ಸೀರೆ ತರ್ತಾರೆ," ಅಂದಳು ಧಾಪು.

"ಅದಕ್ಕೆ ಮುಂಚೆ ನಿಮ್ಮಪ್ಪನ ಕಾಲು ಹಿಡೀತೀನಿ. ಆದರೆ ಮೊದಲು ನೀನು ಹೇಳು. ಆ ಸೀರೆ ನಿನಗೆ ಬೇಕಾ?"

"ಬೇಡ!" ತಡೆಯಲು ಹೋದರೂ ಮಾತು ಬಾಯಿಂದ ಹಾರಿಬಿಟ್ಟಿತ್ತು. "ಆದ್ರೆ ಅವತ್ತು ಯಾಕೆ ಬಿಟ್ಟೆ ಅಂತ ಅಪ್ಪ ಕೇಳ್ತಾನೆ. ಏನು ಹೇಳ್ತೀಯಾ? ಅತ್ತಿಗೆ ವಿಷಯ ಹೊರಗೆ ಬರಬಾರದು, ಸಂಬಂಧ ಮುರಿದದ್ದು ಅವಳ ಅಪಶಕುನದಿಂದಲೇ ಅಂತಾರೆ. ಅವಳಿಗೆ ಆಮೇಲೆ ಮಕ್ಕಳೂ ಆಗಲಿಲ್ಲ..."

"ಹೇಳಲ್ಲ. ಬುದ್ಧಿ ಇರಲಿಲ್ಲ ಅಂತೀನಿ. ನಿಜಾನೇ ಅಲ್ವಾ? ಉಗಿದ್ರೆ ಉಗಿಸ್ಕೊಳ್ತೀನಿ."

"ನಮ್ಮಣ್ಣ ಉಗಿಯೋನಲ್ಲ. ಹೊಡೆಯೋನು."

"ಹೊಡೀಲಿ."

"ಜೋರಾಗಿ ಹೊಡೀತಾನೆ ಲೂಣಾ..." ಅಳುವಿನ ನಡುವೆಯೇ ಅವಳ ತುಟಿಯಲ್ಲಿ ನಗುವಿನ ಎಳೆಯೊಂದು ಮೂಡಿ ಮರೆಯಾಯಿತು.

"ಹೊಡೆದಾದ ಮೇಲೆ ನೀನು ಒಂದು ಲೋಟ ನೀರು ಕೊಡ್ತೀಯಾ?"

ಧಾಪು ಬಗ್ಗಿ, ಜಾರಿದ್ದ ಮುಳ್ಳುಕೊಂಬೆಯನ್ನು ಕಲ್ಲಿನ ಮೇಲೆ ಸರಿಯಾಗಿ ಇಟ್ಟಳು. ಅವನೂ ಇನ್ನೊಂದು ತುದಿ ಹಿಡಿದ.

"ಕೊಡ್ತೀನಿ," ಅಂದಳು. "ಎಲ್ಲರ ಮುಂದೆ ಕೊಡ್ತೀನಿ."