ಆರು ಸಲ ಬಂದಾಕಿ

ಜಗದೇವ ಬರುವ ದಿನವೇ ಖುರ್ಷೀದಬೇಗಂ ಆ ಫೋಟೋ ತೋರಿಸಬಾರದಿತ್ತು.

ಹುಣಸಗಿಯ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಶಿವಬಸಮ್ಮನದು ಬೀಜ, ಗೊಬ್ಬರದ ಅಂಗಡಿ. ಪಕ್ಕದ್ದೇ ಖುರ್ಷೀದಳ ಟೇಲರಿಂಗ್. ಕಾಲುವೆಗೆ ನೀರು ಬಿಟ್ಟಿದ್ದರಿಂದ ಭತ್ತದ ಗೊಬ್ಬರಕ್ಕೆ ಜನ ಮುಗಿಬಿದ್ದಿದ್ದರು. ಮಧ್ಯಾಹ್ನ ಕೊಂಚ ಬಿಡುವಾದಾಗ ಖುರ್ಷೀದ ಫೋನ್ ಹಿಡಿದು ಬಂದಳು.

"ನಿಮ್ಮ ಮಾವನ್ನ ನೋಡು. ಫೇಸ್‌ಬುಕ್‌ನ್ಯಾಗ ಹೀರೋ ಆಗ್ಯಾನ."

ಹಡಗಿನ ಮೇಲೆ ಬಿಳಿ ಯೂನಿಫಾರ್ಮಿನಲ್ಲಿ ಜಗದೇವ ನಿಂತಿದ್ದ. ಅವನ ತೋಳಿಗೆ ತೋಳು ಸೇರಿಸಿ, ಬಂಗಾರದ ಬಣ್ಣದ ಕೂದಲು ಹಾರಲು ಬಿಟ್ಟು, ಒಬ್ಬ ಹೆಂಗಸು ಬಾಯಿತುಂಬ ನಗುತ್ತಿದ್ದಳು. ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ದೊಡ್ಡದಾಗಿ ಆರು ಎಂಬ ಅಂಕಿ. ಫೋಟೋದ ಕೆಳಗಿನ ಇಂಗ್ಲಿಷನ್ನು ಖುರ್ಷೀದ ಕನ್ನಡ ಮಾಡಿ ಹೇಳಿದಳು: "ಇದು ನನ್ನ ಆರನೇ ಕ್ರೂಸ್. ನನ್ನ ಜಗ್ ಇರದಿದ್ರ ಆಗ್ತಿದ್ದಿಲ್ಲ."

"ಜಗ್ ಅಂದ್ರ? ನೀರು ಕುಡಿಯೋ ಜಗ್ಗೇನು?" ಎಂದಳು ಶಿವಬಸಮ್ಮ. ಅವಳ ಕಿವಿ ಕೆಂಪಾಗಿತ್ತು.

ಜಗದೇವ ಅವಳ ಸೋದರತ್ತೆ ಹಂಪಮ್ಮನ ಮಗ, ಶಹಾಪುರದವನು. ಹೋಟೆಲ್ ಕೋರ್ಸ್ ಮಾಡಿ ಕ್ರೂಸ್ ಹಡಗು ಸೇರಿದ್ದ. ಪ್ರವಾಸಿಗರ ಮೆಂಬರ್‌ಶಿಪ್ ನೋಡಿಕೊಳ್ಳುವ ಕೌಂಟರಿನಲ್ಲಿ ಅವನ ಕೆಲಸ. ಇವರಿಬ್ಬರದೂ ಜೋಡಿ ಎಂದು ಚಿಕ್ಕಂದಿನಿಂದ ಊರೆಲ್ಲ ಹೇಳಿತ್ತು. ಹೇಳದೆ ಉಳಿದವರು ಅವರಿಬ್ಬರೇ.

ಈ ಭಾನುವಾರ ಯಾದಗಿರಿಯ ಒಬ್ಬ ಲೆಕ್ಚರರ್ ಅವಳನ್ನು ನೋಡಲು ಬರುವವನಿದ್ದ. ಅಪ್ಪ ಮಲ್ಕಪ್ಪ ಎರಡು ಸಲ ಕೇಳಿದರೂ ಅವಳು ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ಜಗದೇವ ಬರಲಿ ಎಂದುಕೊಂಡಿದ್ದಳು. ಈಗ ನೋಡಿದರೆ ಅವನಿಗಾಗಿ ಆರು ಸಲ ಸಮುದ್ರ ದಾಟಿ ಬಂದವಳು ಬೇರೆಯೇ ಇದ್ದಾಳೆ.

ಇಳಿಹೊತ್ತಿಗೆ ಜಗದೇವ ಬಂದ. ಹೆಗಲಲ್ಲಿ ದೊಡ್ಡ ಬ್ಯಾಗು, ಮುಖದ ತುಂಬ ಧೂಳು. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಅವಳನ್ನೇ ನೋಡುತ್ತ ನಕ್ಕ.

"ಹೆಂಗಿದ್ದಿ, ಬಸು?"

"ಆರಾಮ ಇದೀನ್ರಿ. ನೀವು ಆರಾಮರಿ?"

ಅವನು ತಿರುಗಿ ಬೆನ್ನ ಹಿಂದೆ ನೋಡಿದ. "ಯಾರನ್ನ ಮಾತಾಡ್ಸಾಕತ್ತಿ? ನನ್ನ ಹಿಂದ ಗಿರಾಕಿ ಬಂದಾರೇನು?"

"ಆರು ಸಲ ಬರೋ ಗಿರಾಕಿ ನಿಮ್ಮಲ್ಲಿ ಇರ್ತಾರ್ರಿ. ಅಂಥಾ ನಸೀಬು ನಮಗೆಲ್ಲಿ."

"ಅಯ್ಯ, ಆ ಫೋಟೋ!" ಅವನು ಜೋರಾಗಿ ನಕ್ಕುಬಿಟ್ಟ. ಆ ನಗುವಿನಿಂದ ಅವಳಿಗೆ ಇನ್ನಷ್ಟು ಉರಿಯಿತು. ಷಟರ್ ಎಳೆದು, ಬೀಗ ಜಡಿದು, ಮನೆಯ ಕಡೆ ಹೊರಟೇಬಿಟ್ಟಳು. ಅವನು ಬ್ಯಾಗು ಹೊತ್ತು ಬೆನ್ನು ಹತ್ತಿದ.

ಅವಳ ಮನೆಗೆ ಕಾಲುವೆಯ ಏರಿಯ ಮೇಲೆ ಹೋಗಬೇಕು. ಕೆಳಗೆ ನಾಟಿ ಮುಗಿಸಿದ ಹೆಣ್ಣುಮಕ್ಕಳು ಕಾಲು ತೊಳೆಯುತ್ತಿದ್ದರು. ಗದ್ದೆಗಳ ನೀರಿನಲ್ಲಿ ಸಂಜೆಯ ಬಿಸಿಲು ಹರಡಿತ್ತು. ಅವಳ ಕಣ್ಣು ಮಾತ್ರ ದಾರಿ ಬಿಟ್ಟು ಅತ್ತಿತ್ತ ಸರಿಯಲಿಲ್ಲ.

"ಬಸು, ಅಕಿ ಆರು ಸಲ ಬಂದಿಲ್ಲ. ಒಂದ ಸಲ ಹಡಗ ಹತ್ಯಾಳ."

"ಬಿಲ್ಲಿ ಮ್ಯಾಲ ಆರು ಅಂತ ಅದ. ಅಷ್ಟರ ಓದಾಕ ಬರ್ತದ ನನಗ."

"ಕೇಳು. ಹುಣಸಗಿಂದ ಯಾದಗಿರಿಗೆ ಒಂದ ಟಿಕೀಟು ತಗೊಂಡಿ ಅಂತ ತಿಳಿ. ಸುರಪುರ ಬರ್ತದ, ಶಹಾಪುರ ಬರ್ತದ, ನೀ ಸೀಟು ಬಿಟ್ಟು ಏಳಂಗಿಲ್ಲ. ಆದ್ರೂ ಹುಣಸಗಿ ಸುರಪುರ ಒಂದು, ಸುರಪುರ ಶಹಾಪುರ ಒಂದು, ಶಹಾಪುರ ಯಾದಗಿರಿ ಒಂದು ಅಂತ ಹಿಡಿದ್ರ ಎಷ್ಟಾತು?"

"ಮೂರು."

"ನಮ್ಮ ಕಂಪನಿನೂ ಹಂಗ. ಮೂರು ಪ್ರವಾಸ ಕೂಡಿಸಿ ಒಂದು ಉದ್ದನ್ನ ಪ್ರವಾಸ ಅಂತ ಮಾರ್ತದ. ಹಡಗೂ ಒಂದ, ರೂಮೂ ಒಂದ. ಮೆಂಬರ್ ಕ್ರೆಡಿಟ್, ಅಂದ್ರ ಎಷ್ಟು ಸಲ ಬಂದ್ರು ಅನ್ನೋ ಲೆಕ್ಕ, ಮಾತ್ರ ಒಂದೊಂದಕ್ಕ ಬ್ಯಾರೆ. ಎಲ್ಲಾ ಕಂಪನ್ಯಾಗ ಹಿಂಗಿಲ್ಲ. ಕೆಲವರು ಎಷ್ಟು ಉದ್ದ ಇದ್ರೂ ಒಂದ ಅಂತಾರ."

"ಮೂರಾತು. ಉಳಿದ ಮೂರು ಎಲ್ಲಿಂದ ಬಂತು?"

"ಇಬ್ಬರ ರೂಮಿನ್ಯಾಗ ಒಬ್ಬರ ಇದ್ರ, ಪೂರಾ ಬಾಡಿಗಿ ಒಬ್ಬರ ಕಟ್ಟಬೇಕು. ಅದಕ್ಕ ಅಂಥವರಿಗೆ ಡಬಲ್ ಕ್ರೆಡಿಟ್. ಅಕಿ ಒಬ್ಬಾಕಿನ ಇದ್ಲು."

ಶಿವಬಸಮ್ಮ ಗಕ್ಕನೆ ನಿಂತಳು. "ಒಬ್ಬಾಕಿನ ಇದ್ಲು. ಅದೂ ಗೊತ್ತದ ನಿನಗ."

ಜಗದೇವ ತುಟಿ ಕಚ್ಚಿಕೊಂಡ. ಅವಳು ಬಹುವಚನ ಬಿಟ್ಟು ಏಕವಚನಕ್ಕೆ ಬಂದಿದ್ದಳು, ಅಷ್ಟೇ ಸಮಾಧಾನ.

"ಅಷ್ಟು ಕ್ರೆಡಿಟ್ ತಗೊಂಡು ಏನ್ ಮಾಡ್ತಾಳಕಿ?"

"ಮುಂದಿನ ಸಲ ಬಂದಾಗ ಹಡಗಿನ್ಯಾಗ ಮೊದಲು ಬಿಡ್ತಾರ. ಇನ್ನಷ್ಟು ಕೂಡಿದ್ರ ಬಟ್ಟಿ ಪುಕ್ಕಟ ಒಗದು ಕೊಡ್ತಾರ."

"ಬಟ್ಟಿ ಒಗಸಾಕ ಸಮುದ್ರ ದಾಟ್ತಾರೇನು ಜನ?" ಎಂದವಳಿಗೆ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಹೊಳೆಯಿತು. "ಅಂದ್ರ ಮತ್ತ ಬರ್ತಾಳ."

"ಬಂದ್ರ ಬರಲಿ. ಅಕಿ ಬುಕಿಂಗ್ ಒಂದ ನಂಬರಿನ್ಯಾಗ ಇತ್ತಂತ ಕಂಪ್ಯೂಟರ್ ಒಂದ ಪ್ರವಾಸ ಅಂತ ತೋರ್ಸಿತ್ತು. ದಿನಾ ಕೌಂಟರಿಗೆ ಬಂದು ಜಗಳ. ನಾ ಆಫೀಸಿಗೆ ಬರದು ಸರಿ ಮಾಡಿಸ್ದೆ. ಅದಕ್ಕ ಫೋಟೋ, ಅದಕ್ಕ ಥ್ಯಾಂಕ್ಸು."

"ದಿನಾ ಬರ್ತಿದ್ಲು," ಎಂದಳು ಅವಳು ಮೆಲ್ಲಗೆ. ಆಮೇಲೆ ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು, "ಮತ್ತೇನೂ ಕೇಳಲಿಲ್ಲೇನು?"

ಸುಳ್ಳು ಹೇಳಬಹುದಿತ್ತು. ಜಗದೇವ ಬ್ಯಾಗನ್ನು ಕೆಳಗಿಟ್ಟ.

"ಕೇಳಿದ್ಲು. ಊರಾಗ ನಿನಗಂತ ಯಾರರ ಕಾಯಾಕತ್ತಾರೇನು ಅಂತ."

"ನೀ ಏನಂದಿ?"

"ಯಾರೂ ಇಲ್ಲ ಅಂದೆ."

ಕಾಲುವೆಯ ನೀರು ಸದ್ದು ಮಾಡುತ್ತ ಹರಿಯುತ್ತಿತ್ತು. ಅವಳು ಆ ಕಡೆ ಮುಖ ತಿರುಗಿಸಿ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು.

"ಸುಳ್ಳು ಹೇಳಿದ್ನೇನು ನಾ?" ಅವನು ಅವಳ ಮುಂದೆ ಬಂದು ನಿಂತ. "ಊರಿಗೆ ಬಂದಾಗೊಮ್ಮೆ, ಈ ಸಲರ ಏನರ ಅಂತಾಳ ಅಂತ ನಿನ್ನ ಬಾಯಿ ನೋಡ್ಕೋತ ಕೂಡ್ತಿದ್ದೆ. ನೀ ಚಾಕೊಲೇಟ್ ತಂದಿಯೇನು ಅಂತಿದ್ದಿ. ಇಲ್ಲದ್ದನ್ನ ಅದ ಅಂತ ಹೆಂಗ ಹೇಳ್ಲಿ?"

"ನೀ ಕೇಳಬೇಕಿತ್ತು."

"ನೀನೂ ಕೇಳಬಹುದಿತ್ತು."

"ನನ್ನ ಕೇಳವ್ರು ಐತವಾರ ಬರಾಕತ್ತಾರ, ಯಾದಗಿರಿಂದ. ಕಾಲೇಜಿನ್ಯಾಗ ಪಾಠ ಹೇಳ್ತಾನಂತ."

ಜಗದೇವನ ಮುಖ ಸಣ್ಣದಾಯಿತು. ಶಿವಬಸಮ್ಮ ಓರೆಗಣ್ಣಿನಲ್ಲಿ ಅದನ್ನು ಕಂಡಳು. ಮಧ್ಯಾಹ್ನದಿಂದ ಎದೆಯಲ್ಲಿ ಸುಡುತ್ತಿದ್ದದ್ದು ಸ್ವಲ್ಪ ತಣ್ಣಗಾಯಿತು.

"ಹೆಂಗದಾನ?"

"ಫೋಟೋದಾಗ ಚಂದ ಅದಾನ."

"ಎತ್ತರ?"

"ನಿನಗಿಂತ."

ಅವನು ಒಂದು ಮಣ್ಣಿನ ಹೆಂಟೆಯನ್ನು ಕಾಲುವೆಗೆ ಒದ್ದ. "ಎರಡು ಕಾಂಟ್ರಾಕ್ಟ್ ಕೂಡಿಸಿ ಒಮ್ಮೆಲೆ ಮಾಡು, ನಡುವ ಊರಿಗೆ ಬರೋದು ಬ್ಯಾಡ ಅಂತ ಏಜೆಂಟ್ ಬೆನ್ನು ಹತ್ಯಾನ. ನಾ ಇನ್ನೂ ಜವಾಬು ಕೊಟ್ಟಿಲ್ಲ. ಊರಾಗ ಯಾರೂ ಇಲ್ಲಂದ್ರ ನನಗೂ ಅದ ಸರಿ."

"ಇದಾರ."

"ಏನಂದಿ?"

"ಊರಾಗ ಇದಾರ ಅಂದೆ." ಅವಳು ನೆಲ ನೋಡುತ್ತ ಹೇಳಿದಳು. "ಪಿಯುಸಿ ಓದೋವಾಗಿಂದ ಕಾಯಾಕತ್ತಾರ. ಕೇಳಿದವರಿಗೆ ಇನ್ನ ಹಂಗ ಹೇಳು. ಬಂಗಾರ ಕೂದಲಿನಾಕಿಗೂ ಹೇಳು."

ಜಗದೇವ ಅವಳ ಕೈ ಹಿಡಿದ. ಕೆಳಗಿನ ಗದ್ದೆಯಿಂದ ಯಾರೋ ಹೆಣ್ಣುಮಗಳು ಕಿಸಕ್ಕನೆ ನಕ್ಕಳು. ಶಿವಬಸಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

ಮನೆಯ ಕಟ್ಟೆಯ ಮೇಲೆ ಮಲ್ಕಪ್ಪ ಕುಳಿತಿದ್ದ. ಮತ್ತೆ ಬ್ಯಾಗು ಹೊತ್ತು, ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ ಜಗದೇವ, "ಮಾವ, ಐತವಾರ ಅವರು..." ಎಂದು ಅಲ್ಲೇ ನಿಂತುಬಿಟ್ಟ.

"ಅಪ್ಪ, ಯಾದಗಿರಿಯವರಿಗೆ ಬರಬ್ಯಾಡ್ರಿ ಅಂತ ಹೇಳು," ಎಂದಳು ಶಿವಬಸಮ್ಮ. "ನಾ ಇವನ್ನ ಮಾಡ್ಕೋತೀನಿ."

ಮಲ್ಕಪ್ಪ ಇಬ್ಬರನ್ನೂ ನೋಡಿದ. ಅಂಗಿಯ ಕಿಸೆಯಿಂದ ಫೋನ್ ತೆಗೆದು ಶಹಾಪುರಕ್ಕೆ, ತಂಗಿಗೆ ಹಚ್ಚಿದ. ಅವನ ಕಿವಿ ಮಂದ. ಹಾಗಾಗಿ ಸ್ಪೀಕರ್ ಹಾಕಿಯೇ ಮಾತಾಡುತ್ತಿದ್ದ.

"ಹಂಪವ್ವ, ನಿನ್ನ ಮಗ ಇಲ್ಲಿ ಬಂದು ನಿಂತಾನ. ನಿನ್ನ ಸೊಸಿ ಹೂಂ ಅಂದ್ಳು."

"ಹೂಂ ಅನ್ನದ ಏನ್ ಮಾಡ್ತಾಳ?" ಹಂಪಮ್ಮನ ದನಿ ಅಂಗಳಕ್ಕೆಲ್ಲ ಕೇಳಿಸಿತು. "ಒಂಬತ್ತು ತಿಂಗಳಾದ ಮ್ಯಾಲ ಮಗ ಬರಾಕತ್ತಾನಂತ ಇಲ್ಲಿ ಬಸ್‌ಸ್ಟ್ಯಾಂಡಿನ್ಯಾಗ ನಿಂತಿದ್ದೆ. ಬಸ್ಸು ಬಂತು. ಇಳಿಲಿಲ್ಲಣ್ಣ ಅಂವ! ಕಿಡಕ್ಯಾಗಿಂದ ಕೈ ಮಾಡಿ, 'ಅವ್ವ, ಮೊದಲು ಹುಣಸಗಿಗೆ ಹೋಗಿ ಬರ್ತೀನಿ' ಅಂದ."

ಶಿವಬಸಮ್ಮ ಜಗದೇವನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ, ಕಟ್ಟೆಯ ಕಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದ. ಅವಳು ಅವನ ಹೆಗಲಿನಿಂದ ಬ್ಯಾಗು ಇಳಿಸಿಕೊಂಡಳು.

"ಒಳಗ ಬಾ," ಎಂದಳು. "ಹಸದೀಯೇನು?"